ಗೆದ್ದ ಕಾಳಗ, ಕೈತಪ್ಪಿದ ಫಲ: ಪಿರಿಯಾಪಟ್ಟಣ ಸೀಮೆಯ ದಂಡಯಾತ್ರೆಗಳು

ಯುದ್ಧಗಳ ಇತಿಹಾಸವನ್ನು ಬರೆಯುವಾಗ ಕಾಳಗಗಳ ಪಟ್ಟಿಯನ್ನು ಮುಂದಿಡುವುದು ವಾಡಿಕೆ. ಯಾವ ದಿನ, ಯಾವ ಬಯಲಿನಲ್ಲಿ, ಯಾರು ಹಿಮ್ಮೆಟ್ಟಿದರು ಎಂಬುದು ಅಲ್ಲಿ ಸ್ಪಷ್ಟವಾಗಿರುತ್ತದೆ. ಆದರೆ ದಂಡು ಹೊರಡಿಸಿದ ಅರಸನು ಅಥವಾ ಸೇನಾನಿಯು ಬಯಸಿದ ಫಲ ಯಾವುದು, ಆ ಫಲದ ಕಡೆಗೆ ತಾನು ಸಾಗುತ್ತಿದ್ದೇನೆಂದು ಆತನು ಯಾವ ಅಳತೆಯಿಂದ ತಿಳಿದನು ಎಂಬ ಪ್ರಶ್ನೆಗಳು ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಹೆಗ್ಗಡದೇವನಕೋಟೆ ಸೀಮೆಯ ಎನ್. ಬೇಗೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳವರೆಗೆ ಹಬ್ಬಿದ ಕಾಡಂಚಿನ ನಾಡು ಈ ಪ್ರಶ್ನೆಗಳನ್ನು ಪರೀಕ್ಷಿಸಲು ತಕ್ಕ ನೆಲ. 1791 ರಿಂದ 1799 ರವರೆಗಿನ ಎಂಟು ವರ್ಷಗಳಲ್ಲಿ ಇದೇ ಸೀಮೆಯ ದಾರಿಯನ್ನು ಹಿಡಿದ ದಂಡೊಂದು ಒಮ್ಮೆ ಬರಿಗೈಯಲ್ಲಿ ಹಿಂದಿರುಗಿತು. ಮತ್ತೊಮ್ಮೆ ಒಂದು ರಾಜ್ಯದ ಅಂತ್ಯಕ್ಕೆ ಸಹಕಾರಿಯಾಯಿತು.

ಈ ಪ್ರಶ್ನೆ ನಮ್ಮ ರಾಜನೀತಿ ಪರಂಪರೆಗೆ ಹೊಸತಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು 1909 ರಲ್ಲಿ ಮುದ್ರಣಗೊಂಡ ಕೌಟಿಲ್ಯನ ಅರ್ಥಶಾಸ್ತ್ರವು ತನ್ನ ಒಂಬತ್ತನೆಯ ಅಧಿಕರಣವನ್ನು ದಂಡಯಾತ್ರೆಗೆ ಹೊರಡುವವನ ಕರ್ತವ್ಯಗಳಿಗೆ ಮೀಸಲಿಟ್ಟಿದೆ. ತನ್ನ ಮತ್ತು ಶತ್ರುವಿನ ಶಕ್ತಿ, ದೇಶ, ಕಾಲ, ಯಾತ್ರೆಗೆ ತಕ್ಕ ಋತು, ಬೆನ್ನ ಹಿಂದೆ ಏಳಬಹುದಾದ ಕೋಪ, ಕ್ಷಯ, ವ್ಯಯ, ಲಾಭ, ಆಪತ್ತು ಇವನ್ನೆಲ್ಲ ತೂಗಿ ನೋಡಿದ ಬಳಿಕವೇ ಹೆಜ್ಜೆಯಿಡಬೇಕೆಂಬುದು ಅಲ್ಲಿಯ ನಿಲುವು. ಇವುಗಳಲ್ಲಿ ಕ್ಷಯ ಮತ್ತು ವ್ಯಯ ಎಂಬ ಎರಡು ಪದಗಳ ಅರ್ಥವನ್ನು ವಿಶೇಷವಾಗಿ ಗಮನಿಸಬೇಕು. ಕೌಟಿಲ್ಯನ ಪರಿಭಾಷೆಯಲ್ಲಿ ಕ್ಷಯವೆಂದರೆ ಹೊರೆ ಹೊರುವ, ಬಂಡಿ ಎಳೆಯುವ ಪಶುಗಳ ಮತ್ತು ಜನರ ಕುಗ್ಗುವಿಕೆ. ವ್ಯಯವೆಂದರೆ ಹೊನ್ನು ಮತ್ತು ಧಾನ್ಯದ ಕುಗ್ಗುವಿಕೆ. ಎಷ್ಟು ಶತ್ರುಗಳು ಬಿದ್ದರೆಂಬ ಎಣಿಕೆಗೆ ಈ ವ್ಯಾಖ್ಯೆಗಳಲ್ಲಿ ಎಡೆಯಿಲ್ಲ. ತನ್ನ ಎತ್ತು ಮತ್ತು ತನ್ನ ಅಕ್ಕಿ ಎಷ್ಟು ಉಳಿದಿವೆ ಎಂಬುದೇ ಇಲ್ಲಿಯ ಲೆಕ್ಕ. ಹತ್ತನೆಯ ಶತಮಾನದ ಜೈನಾಚಾರ್ಯ ಸೋಮದೇವಸೂರಿಯು ತನ್ನ ನೀತಿವಾಕ್ಯಾಮೃತದಲ್ಲಿ ಇದೇ ಪರಂಪರೆಯನ್ನು ಕಿರುವಾಕ್ಯಗಳಲ್ಲಿ ಸಂಗ್ರಹಿಸಿ, ಯುದ್ಧಕ್ಕೆ ಪ್ರತ್ಯೇಕ ಸಮುದ್ದೇಶವೊಂದನ್ನು ಕೊಟ್ಟಿದ್ದಾನೆ.

ಈ ಮಾನದಂಡವನ್ನು ಹಿಡಿದು ಮೂರನೆಯ ಮೈಸೂರು ಯುದ್ಧವನ್ನು ನೋಡಬಹುದು. 1789 ರ ಡಿಸೆಂಬರಿನಲ್ಲಿ ಟಿಪ್ಪು ಸುಲ್ತಾನನು ತಿರುವಾಂಕೂರಿನ ಗಡಿಕೋಟೆಯ ಸಾಲಿನ ಮೇಲೆ ನಡೆಸಿದ ದಾಳಿಯಿಂದ ಈ ಯುದ್ಧಕ್ಕೆ ಕಿಡಿ ಹತ್ತಿತು. ಈಸ್ಟ್ ಇಂಡಿಯಾ ಕಂಪನಿಯು ಮರಾಠರೊಡನೆಯೂ ಹೈದರಾಬಾದಿನ ನಿಜಾಮನೊಡನೆಯೂ 1790 ರಲ್ಲಿ ಒಪ್ಪಂದ ಮಾಡಿಕೊಂಡಿತು. ಗವರ್ನರ್ ಜನರಲ್ ಕಾರ್ನ್‌ವಾಲಿಸನು ಸ್ವತಃ ಸೇನಾನಾಯಕತ್ವ ವಹಿಸಿ 1791 ರ ಮಾರ್ಚ್ 21 ರಂದು ಬೆಂಗಳೂರಿನ ಕೋಟೆಯನ್ನು ಹಿಡಿದನು. ಮೇ ತಿಂಗಳ ಆರಂಭದಲ್ಲಿ ಅಲ್ಲಿಂದ ಶ್ರೀರಂಗಪಟ್ಟಣದತ್ತ ಹೊರಟನು. ಅದೇ ಹೊತ್ತಿಗೆ ಜನರಲ್ ಅಬರ್‌ಕ್ರಾಂಬಿಯ ಮುಂಬಯಿ ಸೇನೆಯು ಮಲಬಾರಿನಿಂದ ಕೊಡಗಿನ ಘಟ್ಟವನ್ನೇರಿ, ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನ ನೆರವಿನಿಂದ ಪಿರಿಯಾಪಟ್ಟಣಕ್ಕೆ ಇಳಿಯಿತು. ಮೂಡಣ ಮತ್ತು ಪಡುವಣದ ಎರಡು ಸೇನೆಗಳು ರಾಜಧಾನಿಯ ಮುಂದೆ ಕೂಡಬೇಕೆಂಬುದು ಯೋಜನೆ.

ಕಾಗದದ ಮೇಲೆ ಪ್ರಗತಿ ನಿರಾತಂಕವಾಗಿತ್ತು. ಬೆಂಗಳೂರು ಬಿದ್ದಿತ್ತು; ನಿಜಾಮನ ಕುದುರೆಸವಾರರು ಬಂದು ಕೂಡಿದ್ದರು; ಮೇ 15 ರಂದು ಶ್ರೀರಂಗಪಟ್ಟಣದ ಸಮೀಪದ ಅರಕೆರೆಯಲ್ಲಿ ನಡೆದ ಕಾಳಗದಲ್ಲಿ ಟಿಪ್ಪುವಿನ ಸೇನೆ ಹಿಮ್ಮೆಟ್ಟಿ ಕೋಟೆಯ ಆಶ್ರಯಕ್ಕೆ ಸರಿದಿತ್ತು. ನಡೆದ ದೂರ, ಹಿಡಿದ ಕೋಟೆ, ಗೆದ್ದ ಬಯಲು ಈ ಮೂರು ಅಳತೆಗಳಲ್ಲಿಯೂ ಕಾರ್ನ್‌ವಾಲಿಸನು ಮುಂದಿದ್ದನು. ಆದರೆ ಟಿಪ್ಪು ದಾರಿಯುದ್ದಕ್ಕೂ ಹಳ್ಳಿಗಳನ್ನು ತೆರವುಗೊಳಿಸಿ, ಹುಲ್ಲು ಮತ್ತು ಧಾನ್ಯಗಳನ್ನು ಸುಡಿಸಿದ್ದನು. ಮುಂಗಾರಿಗೆ ಮುನ್ನವೇ ಮಳೆ ಹಿಡಿದು ಕಾವೇರಿ ಉಬ್ಬಿತು. ಮೇವಿಲ್ಲದೆ ಎತ್ತುಗಳು ದಿನದಿನವೂ ಸತ್ತವು. ಫಿರಂಗಿಗಳನ್ನು ಸೈನಿಕರೇ ಹಗ್ಗ ಕಟ್ಟಿ ಎಳೆಯಬೇಕಾಯಿತು. ಅಬರ್‌ಕ್ರಾಂಬಿಯನ್ನು ಕೂಡಿಕೊಳ್ಳಲು ಹೊಳೆ ದಾಟುವ ಕಡವನ್ನರಸಿ ಸೇನೆಯು ಕಣ್ಣಂಬಾಡಿಯವರೆಗೆ ಹೋಯಿತು. ಇಂದು ಆ ಹಳೆಯ ಊರು ಕೃಷ್ಣರಾಜಸಾಗರದ ನೀರಿನಡಿಯಲ್ಲಿದೆ. ಕೊನೆಗೆ ಹಿಂದಿರುಗುವಂತೆ ಅಬರ್‌ಕ್ರಾಂಬಿಗೆ ಆಜ್ಞೆ ಹೋಯಿತು; ಮೇ 22 ರಂದು ಕಾರ್ನ್‌ವಾಲಿಸನು ತನ್ನ ಮುತ್ತಿಗೆಯ ಫಿರಂಗಿಗಳನ್ನು ತಾನೇ ನಾಶಪಡಿಸಿದನು. ಪಿರಿಯಾಪಟ್ಟಣದಲ್ಲಿದ್ದ ಪಡೆಯು ಯಾವ ದೊಡ್ಡ ಕಾಳಗವನ್ನೂ ಸೋಲದೆಯೇ ಮಳೆಯಲ್ಲಿ ಘಟ್ಟದತ್ತ ಮರಳಿತು.

ಇದರಲ್ಲಿ ಇನ್ನೊಂದು ವೈಪರೀತ್ಯವಿದೆ. ಬೆಂಗಳೂರಿನ ದಾರಿ ಹಿಡಿದ ಕಾರ್ನ್‌ವಾಲಿಸನಿಗೆ ಪರಶುರಾಮ ಭಾವು ಮತ್ತು ಹರಿಪಂತರ ಮರಾಠಾ ಸೇನೆಗಳು ಎದುರಾದವು. ಅವರ ಬಳಿ ಸಾಮಗ್ರಿಯಿತ್ತು. ಅವರು ಹತ್ತಿರದಲ್ಲಿದ್ದಾರೆಂಬ ಸುದ್ದಿ ಕೆಲವು ದಿನಗಳ ಮೊದಲು ತಲುಪಿದ್ದರೆ ಫಿರಂಗಿಗಳನ್ನು ಒಡೆಯುವ ಅಗತ್ಯ ಬೀಳುತ್ತಿರಲಿಲ್ಲವೇನೋ. ಆದರೆ ಟಿಪ್ಪುವಿನ ಹಗುರ ಕುದುರೆಪಡೆಯು ಓಲೆಕಾರರನ್ನೆಲ್ಲ ತಡೆದಿತ್ತು. ಪ್ರಗತಿಯನ್ನು ಅಳೆಯಲು ಬೇಕಾದ ಸುದ್ದಿಯ ದಾರಿಯನ್ನೇ ಶತ್ರು ಕಡಿದಾಗ, ಸೇನಾನಿಯು ತಾನಿರುವ ಸ್ಥಿತಿಯನ್ನು ತಾನೇ ಅರಿಯಲಾರ. ಟಿಪ್ಪುವು ಬಯಸಿದ್ದು ಬಯಲಿನ ಜಯವನ್ನಲ್ಲ, ಮಳೆಗಾಲದವರೆಗಿನ ಕಾಲಾವಕಾಶವನ್ನು. ಅರಕೆರೆಯನ್ನು ಸೋತರೂ ಆ ವರ್ಷ ಅವನಿಗೆ ಅದು ದಕ್ಕಿತು.

ಕಾರ್ನ್‌ವಾಲಿಸನ ಮುಂದಿನ ನಡೆಯಲ್ಲಿ ಅಳತೆಯೇ ಬದಲಾದುದನ್ನು ಕಾಣಬಹುದು. ಮಳೆಗಾಲ ಕಳೆಯುತ್ತಿದ್ದಂತೆ ಆತನು ರಾಜಧಾನಿಗೆ ಧಾವಿಸಲಿಲ್ಲ. ಜುಲೈಯಲ್ಲಿ ಹೊಸೂರು, ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರ್ 21 ರಂದು ಸಾವನದುರ್ಗ, ಬಳಿಕ ಹುತ್ರಿದುರ್ಗ ಹೀಗೆ ಬೆಂಗಳೂರಿಗೆ ಬರುವ ಮತ್ತು ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಗಳನ್ನು ಕಾಯುತ್ತಿದ್ದ ಕೋಟೆಗಳು ಒಂದೊಂದಾಗಿ ಕೈವಶವಾದವು. ಎತ್ತುಗಳ ಹಿಂಡಿನ ಮೇಲೆ ಧಾನ್ಯ ಹೇರಿ ಊರೂರು ತಿರುಗುತ್ತಿದ್ದ ಬಂಜಾರರನ್ನು ಕ್ಯಾಪ್ಟನ್ ಅಲೆಕ್ಸಾಂಡರ್ ರೀಡನ ಮೂಲಕ ಸೇನೆಯ ಪೂರೈಕೆಗೆ ಒಲಿಸಿಕೊಳ್ಳಲಾಯಿತು. ಸುದ್ದಿ ಸಂಗ್ರಹದ ವ್ಯವಸ್ಥೆಯೂ ಇದೇ ರೀಡನ ಕೈಯಲ್ಲಿತ್ತು. ಈ ಕೋಟೆಗಳ ಮಹತ್ವ ಅವುಗಳ ಗೋಡೆಗಳಲ್ಲಿರಲಿಲ್ಲ. ಪ್ರತಿಯೊಂದು ಕೋಟೆ ಬಿದ್ದಾಗಲೂ ಧಾನ್ಯದ ಎತ್ತುಗಳು ನಿರ್ಭಯವಾಗಿ ಸಾಗಬಲ್ಲ ಹಾದಿ ಇನ್ನಷ್ಟು ಉದ್ದವಾಗುತ್ತಿತ್ತು. 1792 ರ ಫೆಬ್ರವರಿ 6 ರ ರಾತ್ರಿ ಶ್ರೀರಂಗಪಟ್ಟಣದ ಹೊರಪಾಳೆಯದ ಮೇಲೆ ದಾಳಿ ನಡೆಯಿತು. ಅಬರ್‌ಕ್ರಾಂಬಿಯ ಪಡೆ ಮತ್ತೆ ಪಡುವಣದಿಂದ ಬಂದು ಈ ಬಾರಿ ಮುಖ್ಯ ಸೇನೆಯನ್ನು ಕೂಡಿಕೊಂಡಿತು.

ಆ ಬಳಿಕವೂ ಕಾರ್ನ್‌ವಾಲಿಸನು ಕೋಟೆಯನ್ನು ನುಗ್ಗಿ ಹಿಡಿಯಲಿಲ್ಲ. ಆತನು ಬಯಸಿದ್ದು ಮೈಸೂರಿನ ಬಲ ತಗ್ಗುವುದನ್ನೇ ಹೊರತು ಮೈಸೂರು ಇಲ್ಲವಾಗುವುದನ್ನಲ್ಲ. ಮಾರ್ಚ್ 18 ರ ಒಪ್ಪಂದದಂತೆ ಟಿಪ್ಪು ತನ್ನ ರಾಜ್ಯದ ಅರ್ಧಭಾಗವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು. ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು. ಕೆಲಸವನ್ನು ಅರ್ಧಕ್ಕೆ ಬಿಟ್ಟರೆಂದು ಥಾಮಸ್ ಮನ್ರೋವಿನಂಥ ಕಿರಿಯ ಅಧಿಕಾರಿಗಳು ಅಸಮಾಧಾನಗೊಂಡರು. ಒಂದೇ ಫಲಿತಾಂಶವು ಒಬ್ಬನಿಗೆ ಪೂರ್ಣವಾಗಿಯೂ ಇನ್ನೊಬ್ಬನಿಗೆ ಅಪೂರ್ಣವಾಗಿಯೂ ಕಂಡುದಕ್ಕೆ ಕಾರಣ ಇಬ್ಬರ ಮನಸ್ಸಿನಲ್ಲಿದ್ದ ಇಚ್ಛಿತ ಫಲ ಬೇರೆಯಾಗಿದ್ದುದು.

1799 ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯು ಹಾಕಿಕೊಂಡ ಗುರಿ ಹೆಚ್ಚು ಕಠಿಣವಾಗಿತ್ತು. ಮತ್ತೆ ಎರಡು ಸೇನೆಗಳು: ಮೂಡಣದಿಂದ ಜನರಲ್ ಹ್ಯಾರಿಸನದು, ಕೊಡಗಿನ ದಾರಿಯಿಂದ ಜನರಲ್ ಸ್ಟುವರ್ಟನ ಸುಮಾರು 6,400 ಜನರ ಮುಂಬಯಿ ಸೇನೆ. ಈ ಎರಡು ಕೂಡದಂತೆ ಮಾಡುವುದೇ ತಾನು ಸಾಧಿಸಬೇಕಾದ ಫಲವೆಂದು ಟಿಪ್ಪು ಸರಿಯಾಗಿ ಗುರುತಿಸಿದನು. ಹ್ಯಾರಿಸನನ್ನು ಬಿಟ್ಟು ವೇಗವಾಗಿ ಪಡುವಣಕ್ಕೆ ನಡೆದು, ಮಾರ್ಚ್ 6 ರಂದು ಪಿರಿಯಾಪಟ್ಟಣದಾಚೆಯ ಸಿದ್ದೇಶ್ವರದ ಬಳಿ ಕಾಡಿನ ಮರೆಯಿಂದ ಸ್ಟುವರ್ಟನ ಮುಂಚೂಣಿಯ ಮೇಲೆ ಬಿದ್ದನು. ಮಾಂಟ್ರೆಸರನ ಕೈಕೆಳಗಿನ ಮೂರು ದೇಶೀ ಪಟಾಲಂಗಳು ಎರಡೂ ಕಡೆಯಿಂದ ಸುತ್ತುವರಿಯಲ್ಪಟ್ಟೂ ಗಂಟೆಗಟ್ಟಲೆ ನೆಲೆ ಬಿಡಲಿಲ್ಲ. ಹಲವು ಮೈಲಿ ಹಿಂದಿದ್ದ ಸ್ಟುವರ್ಟನು ಮಧ್ಯಾಹ್ನದ ಹೊತ್ತಿಗೆ ನೆರವಿನೊಡನೆ ಬಂದಾಗ ಟಿಪ್ಪು ಪಿರಿಯಾಪಟ್ಟಣಕ್ಕೆ ಸರಿದನು. ಕೆಲವು ದಿನ ಅಲ್ಲಿ ನಿಂತು, ದಾಳಿಯನ್ನು ಮತ್ತೆ ನಡೆಸದೆ ರಾಜಧಾನಿಗೆ ಮರಳಿದನು. ಗುರಿಯ ಆಯ್ಕೆ ಸರಿಯಿತ್ತು. ಆದರೆ ಆ ದಿನಗಳಷ್ಟು ಕಾಲ ಹ್ಯಾರಿಸನ ಭಾರವಾದ, ನಿಧಾನವಾದ ದಂಡು ಬಹುಮಟ್ಟಿಗೆ ಅಡೆತಡೆಯಿಲ್ಲದೆ ಮುಂದುವರಿಯಿತು.

ಹ್ಯಾರಿಸನು 1791 ರ ಪಾಠವನ್ನು ಓದಿಕೊಂಡಿದ್ದನು. ಧಾನ್ಯವನ್ನು ಸೇನೆಯೊಡನೆಯೇ ಹೊತ್ತು ತಂದನು. ಮಳವಳ್ಳಿಯ ಕಾಳಗದ ಬಳಿಕ ಕಾರ್ನ್‌ವಾಲಿಸನ ಹಳೆಯ ದಾರಿಯನ್ನು ಬಿಟ್ಟು ಸೋಸಲೆಯ ಬಳಿ ಕಾವೇರಿಯನ್ನು ದಾಟಿದನು. ಹಳೆಯ ದಾರಿಯ ಮೇವನ್ನು ಟಿಪ್ಪು ಸುಡಿಸಿದ್ದನು. ಸೋಸಲೆಯ ಕಡೆ ಅದು ಉಳಿದಿತ್ತು. ಹಾಗಿದ್ದರೂ ಏಪ್ರಿಲ್ ಮಧ್ಯದಲ್ಲಿ ಅಕ್ಕಿಯ ಲೆಕ್ಕ ತೆಗೆದಾಗ ಉಳಿದುದು ಕೆಲವೇ ವಾರಗಳಿಗೆ ಸಾಲುವಷ್ಟೆಂದು ತಿಳಿಯಿತು. ಮುತ್ತಿಗೆಯ ಗಡುವನ್ನು ಆ ಲೆಕ್ಕವೇ ನಿರ್ಧರಿಸಿತು. ಸ್ಟುವರ್ಟನ ಪಡೆ ಬಂದು ಕೂಡಿತು. ಮೇ 4 ರಂದು, ಕಾವೇರಿ ತುಂಬುವ ಮೊದಲೇ, ಕೋಟೆ ಬಿದ್ದು ಟಿಪ್ಪು ಮಡಿದನು.

ಇಂದಿನ ಸೇನಾಶಾಸ್ತ್ರವು ಈ ವಿಷಯದಲ್ಲಿ ಎರಡು ಬಗೆಯ ಅಳತೆಗಳನ್ನು ಬೇರ್ಪಡಿಸುತ್ತದೆ. ಹಮ್ಮಿಕೊಂಡ ಕೆಲಸ ಆಯಿತೇ ಎಂಬುದು ಒಂದು. ಆ ಕೆಲಸದಿಂದ ಶತ್ರುವಿನ ಸ್ಥಿತಿ ಬಯಸಿದಂತೆ ಬದಲಾಯಿತೇ ಎಂಬುದು ಇನ್ನೊಂದು. ಮೊದಲನೆಯದನ್ನು ಎಣಿಸುವುದು ಸುಲಭವಾದ್ದರಿಂದ ಅದೇ ಎರಡನೆಯದರ ಸ್ಥಾನದಲ್ಲಿ ಕುಳಿತುಬಿಡುವ ಅಪಾಯವಿದೆ. ವಿಯೆಟ್ನಾಮಿನಲ್ಲಿ ಅಮೆರಿಕದ ಸೇನೆಯು ಶತ್ರುಗಳ ಹೆಣಗಳನ್ನು ಎಣಿಸಿ ಯುದ್ಧದ ಪ್ರಗತಿಯನ್ನು ವರದಿ ಮಾಡಿದುದು ಇದರ ಪ್ರಸಿದ್ಧ ನಿದರ್ಶನ. ಅರಕೆರೆಯ ಜಯವೂ ಇದೇ ಬಗೆಯದು. ಕೌಟಿಲ್ಯನ ಕ್ಷಯ ವ್ಯಯಗಳ ಲೆಕ್ಕವನ್ನು ಇಟ್ಟಿದ್ದರೆ ಆ ಜಯದ ದಿನವೇ ದಂಡಯಾತ್ರೆ ಮುಗಿದಿತ್ತೆಂಬುದು ಕಾಣುತ್ತಿತ್ತು. ಎತ್ತುಗಳ ಈ ಮಹತ್ವವನ್ನು ಮೈಸೂರಿನ ಅರಸರು ಬಹಳ ಹಿಂದೆಯೇ ಅರಿತಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಹೈದರನ ಫಿರಂಗಿಗಳಿಗೆ ಎತ್ತುಗಳನ್ನು ಒದಗಿಸಿತು. ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿತು. ಯುದ್ಧ ಮುಗಿದ ಬಳಿಕ ಆ ಹಿಂಡುಗಳು ಗೆದ್ದವರ ವಶವಾಗಿ, ಮುಂದೆ ಹುಣಸೂರು ಅವುಗಳ ಕೇಂದ್ರವಾಯಿತು.

ಆದರೆ ಈ ಎಲ್ಲ ಲೆಕ್ಕಗಳ ಹೊರಗೆ ಉಳಿದ ಒಂದು ಕ್ಷಯವಿದೆ. ಶತ್ರುವಿಗೆ ಮೇವು ಸಿಗಬಾರದೆಂದು ಸುಟ್ಟ ಹುಲ್ಲು ಒಬ್ಬ ರೈತನದು; ಹಾದುಹೋದ ದಂಡುಗಳು ತಿಂದ ಧಾನ್ಯವೂ ರೈತನದೇ. ಹೊಸದಾಗಿ ಗೆದ್ದ ನಾಡನ್ನು ಪರಿಶೀಲಿಸಲೆಂದು ವೆಲ್ಲೆಸ್ಲಿಯು 1800 ರಲ್ಲಿ ಕಳುಹಿಸಿದ ಫ್ರಾನ್ಸಿಸ್ ಬುಕಾನನನು ಪಿರಿಯಾಪಟ್ಟಣಕ್ಕೂ ಬಂದನು. ಒಳಕೋಟೆಯಲ್ಲಿ ಜನವಸತಿಯೇ ಇಲ್ಲದೆ, ಅದು ಹುಲಿಗಳ ಪಾಲಾಗಿದ್ದುದನ್ನೂ ಹಗಲಿನಲ್ಲಿಯೂ ಒಂಟಿಯಾಗಿ ಒಳಹೋಗಲು ಜನ ಅಂಜುತ್ತಿದ್ದುದನ್ನೂ ಆತನು ದಾಖಲಿಸಿದನು. ಗಡಿನಾಡಿನ ಈ ಪಟ್ಟಣಕ್ಕಾಗಿ ಕೊಡಗು ಮೈಸೂರುಗಳು ತಲೆಮಾರುಗಳ ಕಾಲ ಹೋರಾಡಿದ್ದವು. ಮೂರು ಬಾರಿ ಮುಂಬಯಿ ಸೇನೆ ಇದೇ ದಾರಿಯಲ್ಲಿ ಇಳಿದಿತ್ತು. ಸೇನಾನಿಗಳ ವರದಿಗಳನ್ನು ಆಕರವಾಗಿ ಬಳಸುವ ಸಂಶೋಧಕರು ಬುಕಾನನನ ಆ ಪುಟಗಳನ್ನೂ ಜೊತೆಗಿಟ್ಟು ಓದಿದಾಗ ಮಾತ್ರ ಈ ದಂಡಯಾತ್ರೆಗಳ ಫಲ ಎಷ್ಟೆಂಬುದು ಪೂರ್ಣವಾಗಿ ತಿಳಿಯುತ್ತದೆ.