ಬಾವಂಚಿ ಬೀಜಕ್ಕೆ ಬಿಸಿಲೇ ಜೋಡಿ

ಬಾವಂಚಿ ಬೀಜ ಇವತ್ತಿಗೂ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಕಪ್ಪಗೆ, ಚಪ್ಪಟೆಯಾಗಿ ಇರುತ್ತದೆ. ಜಜ್ಜಿದರೆ ಬೆರಳಿಗೆ ಜಿಗುಟು, ಮೂಗಿಗೆ ಘಾಟು. ತೊನ್ನಿಗೆ ಇದನ್ನು ಅರೆದು ಹಚ್ಚಿ ಬಿಸಿಲಿಗೆ ಕೂರಿಸುವುದು ನಮ್ಮ ವೈದ್ಯರ ಹಳೇ ರೂಢಿ. ಬ್ಲಡ್ ಬ್ಯಾಂಕಿನಲ್ಲಿ ಟೆಕ್ನಿಷಿಯನ್ ಆಗಿ ದುಡಿದ ನನಗೆ ಬೀಜಕ್ಕಿಂತ ಆ ಬಿಸಿಲಿನ ಮೇಲೇ ಕುತೂಹಲ ಜಾಸ್ತಿ.

ಈಜಿಪ್ಟಿನವರಿಗೂ ಈ ಗುಟ್ಟು ಗೊತ್ತಿತ್ತು. ನೈಲ್ ಕಣಿವೆಯ ಅಮ್ಮಿ ಮಾಜುಸ್ ಬೀಜವನ್ನೂ ಬಿಸಿಲನ್ನೂ ಸೇರಿಸಿ ತೊನ್ನಿಗೆ ಚಿಕಿತ್ಸೆ ಮಾಡುವುದನ್ನು 13ನೇ ಶತಮಾನದಲ್ಲಿ ಇಬ್ನ್ ಅಲ್-ಬೈತಾರ್ ಬರೆದಿಟ್ಟ. 1940ರ ದಶಕದ ಕೊನೆಯಲ್ಲಿ ಕೈರೋದ ಚರ್ಮವೈದ್ಯ ಎಲ್ ಮೊಫ್ತಿ ಅದೇ ಬೀಜದ ಶುದ್ಧ ಸಾರವನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಅಷ್ಟರಲ್ಲಾಗಲೇ ನಮ್ಮವರು ಒಂದು ಹೆಜ್ಜೆ ಮುಂದಿದ್ದರು. ಜೋಯಿಸ್, ಮಂಜುನಾಥ್, ವೆಂಕಟರಾವ್ ಎಂಬ ಮೂವರು ಬಾವಂಚಿಯಿಂದ ಸೋರಾಲೆನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿ, 1933ರಲ್ಲೇ ಇಂಡಿಯನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು.

ವೈರಸ್ ಈ ಕಥೆಗೆ ಬಂದದ್ದು ಆಮೇಲೆ. 1965ರಲ್ಲಿ ಇಟಲಿಯ ಮುಸಾಯೋ, ರೋದಿಗೇರೊ ಮತ್ತು ಜೊತೆಗಾರರು, ಈ ಜಾತಿಯ ರಾಸಾಯನಿಕ ಸೇರಿಸಿ ಬೆಳಕು ಬಿಟ್ಟರೆ ಡಿಎನ್ಎ ವೈರಸ್‌ಗಳು ನಿಷ್ಕ್ರಿಯವಾಗುತ್ತವೆ ಎಂದು ತೋರಿಸಿದರು. 1977ರಲ್ಲಿ ಹರ್ಸ್ಟ್ ಮತ್ತು ತಿರಿ, ಆರ್‌ಎನ್ಎ ವೈರಸ್‌ಗೂ ಇದು ನಾಟುತ್ತದೆ ಎಂದರು. ಸೋರಾಲೆನ್ ತೆಳ್ಳನೆಯ ಅಣು. ಡಿಎನ್ಎ ಮೆಟ್ಟಿಲುಗಳ ನಡುವೆ ನುಸುಳಿ ಸುಮ್ಮನೆ ಕೂರುತ್ತದೆ. ಅತಿನೇರಳೆ 'ಎ' ಬೆಳಕು ಬಿದ್ದರೆ ಎರಡೂ ಎಳೆಗಳಿಗೆ ಅಂಟಿಕೊಳ್ಳುತ್ತದೆ. ಜಿಪ್ಪಿಗೆ ಅಡ್ಡ ಹೊಲಿಗೆ ಹಾಕಿದಂತೆ. ಎಳೆ ಬಿಚ್ಚಿಕೊಳ್ಳದೆ ವೈರಸ್ ಮರಿ ಹಾಕಲಾರದು.

80ರ ದಶಕದಲ್ಲಿ ರಕ್ತದ ಮೂಲಕ ಎಚ್ಐವಿ ಹರಡುವುದು ಗೊತ್ತಾದ ಮೇಲೆ ಈ ವಿದ್ಯೆಗೆ ಬೆಲೆ ಬಂತು. ಪ್ಲೇಟ್ಲೆಟ್ ಚೀಲವನ್ನು ಫ್ರಿಜ್ಜಿನಲ್ಲಿಡುವಂತಿಲ್ಲ; 22 ಡಿಗ್ರಿ ಆಸುಪಾಸಿನಲ್ಲಿ, ಅಲುಗಾಡಿಸುವ ತಟ್ಟೆಯ ಮೇಲೆ, ಹೆಚ್ಚೆಂದರೆ 5 ದಿನ ಎಂಬುದು ನಮ್ಮ ಪಾಠ. ಆ ಹದ ಬ್ಯಾಕ್ಟೀರಿಯಾಕ್ಕೂ ಹಿತವೇ. ಸೋರಾಲೆನ್ ಜಾತಿಯ ಅಮೊಟೊಸಾಲೆನ್ ಸೇರಿಸಿ, ಬೆಳಕು ಬಿಟ್ಟು, ಉಳಿಕೆಯನ್ನು ಹೀರಿ ತೆಗೆಯುವ ಯಂತ್ರಕ್ಕೆ 2002ರಲ್ಲಿ ಯುರೋಪ್, 2014ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಪ್ಲೇಟ್ಲೆಟ್‌ಗೆ ಕೋಶಕೇಂದ್ರವೇ ಇಲ್ಲ, ಹಾಗಾಗಿ ಹೊಲಿಗೆ ಅದನ್ನು ಹೆಚ್ಚು ಬಾಧಿಸುವುದಿಲ್ಲ. ಗಟ್ಟಿ ಹೊರಕವಚದ ಹೆಪಟೈಟಿಸ್ ಎ ವೈರಸ್ ಮಾತ್ರ ಇದಕ್ಕೆ ಸುಲಭವಾಗಿ ಜಗ್ಗುವುದಿಲ್ಲ.

ಕೆಂಪು ರಕ್ತಕಣದ ಚೀಲದಲ್ಲಿ ಈ ವಿದ್ಯೆ ನಡೆಯುವುದಿಲ್ಲ. ಹಿಮೋಗ್ಲೋಬಿನ್ ಆ ಬೆಳಕನ್ನು ನುಂಗಿಬಿಡುತ್ತದೆ. ಬಾವಂಚಿ ಕಷಾಯ ಕುಡಿದರೆ ವೈರಸ್ ಸಾಯುತ್ತದಾ ಎಂದು ಕೇಳುವವರಿಗೂ ನಾನು ಇದನ್ನೇ ಹೇಳುತ್ತೇನೆ. ಹೊಟ್ಟೆಯೊಳಗೆ ಬಿಸಿಲಿಲ್ಲ; ಕುಡಿದು ಹೊರಗೆ ಬಿಸಿಲಿಗೆ ನಿಂತರೆ ಬೇಯುವುದು ನಿಮ್ಮ ಚರ್ಮ.