ಆಪರೇಷನ್ ಆದಮೇಲೆ ವಿಚಾರಿಸುವವರು ಯಾರು?

1930ರಲ್ಲಿ ಮೈಸೂರು ಸಂಸ್ಥಾನ ತನ್ನ ಆಸ್ಪತ್ರೆಗಳಲ್ಲೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತು. ಅಂದಿನ ಜಗತ್ತಿನಲ್ಲಿ ಸರ್ಕಾರವೊಂದು ಇಂಥ ಹೆಜ್ಜೆ ಇಟ್ಟದ್ದು ಬಲು ಅಪರೂಪ. ಕುಟುಂಬ ಯೋಜನೆಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1952ರಲ್ಲಿ. ಅದರ ಮೊದಲ ಪ್ರಯೋಗಗಳಲ್ಲೊಂದು ನಮ್ಮ ರಾಮನಗರದಲ್ಲೇ ನಡೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಬಂದ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅವರ ಸಲಹೆಯಂತೆ ಹೆಂಗಸರಿಗೆ ಬಣ್ಣದ ಮಣಿಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಗರ್ಭ ನಿಲ್ಲಬಹುದಾದ ದಿನಗಳಲ್ಲಿ ಗಂಡನಿಂದ ದೂರವಿರಬೇಕು. ಕಲಿಯಲು ಒಪ್ಪಿದವರು ಬಹಳ, ಪಾಲಿಸಿದವರು ಕೆಲವೇ ಮಂದಿ. ಮಣಿ ಸರಿಸುವುದು ಹೆಂಡತಿಯ ಕೈಲಿತ್ತು, ದೂರವಿರುವುದು ಅವಳೊಬ್ಬಳ ಕೈಲಿರಲಿಲ್ಲ. ಆದರೂ ಆ ಪ್ರಯೋಗದಲ್ಲಿ ಹೆಂಗಸಿನ ಜೊತೆ ಕೂತು ವಿವರಿಸುವ ತಾಳ್ಮೆ ಇತ್ತು ಎಂಬುದನ್ನು ಮರೆಯಬಾರದು.

ಆ ತಾಳ್ಮೆ 1965ರ ಹೊತ್ತಿಗೆ ಕರಗಿಹೋಯಿತು. ಆ ವರ್ಷ ಬಂದ ಲಿಪ್ಪೀಸ್ ಲೂಪ್ ಎಂಬ, ಗರ್ಭಕೋಶದೊಳಗಿಡುವ ಪ್ಲಾಸ್ಟಿಕ್ ವಂಕಿಯನ್ನು ಲಕ್ಷಾಂತರ ಹೆಂಗಸರಿಗೆ ಹಾಕಿದರು. ರಕ್ತಸ್ರಾವ ಹೆಚ್ಚಬಹುದು, ಹೊಟ್ಟೆನೋವು ಬರಬಹುದು ಎಂದು ಮೊದಲೇ ಹೇಳಿದವರು ಕಡಿಮೆ. ನೋವೆಂದು ಬಂದವರನ್ನು ನೋಡುವ ವ್ಯವಸ್ಥೆ ಇನ್ನೂ ಕಡಿಮೆ. ಕೆಲವೇ ವರ್ಷಗಳಲ್ಲಿ ಊರೂರಲ್ಲಿ ವಂಕಿಯ ಬಗ್ಗೆ ಭಯ ಹಬ್ಬಿತು. ತಪ್ಪು ವಂಕಿಯದಕ್ಕಿಂತ ಅದನ್ನು ಕೊಟ್ಟ ರೀತಿಯದು ಎಂದೇ ನನ್ನ ಅನಿಸಿಕೆ.

ಆಮೇಲೆ, ಇಷ್ಟು ಮಂದಿಗೆ ಸಂತಾನಹರಣ ಆಪರೇಷನ್ ಆಗಲೇಬೇಕು ಎಂಬ ಗುರಿಗಳ ಕಾಲ. 1971ರಲ್ಲಿ ಎರ್ನಾಕುಲಂನ ಒಂದೇ ಶಿಬಿರದಲ್ಲಿ 60,000ಕ್ಕೂ ಹೆಚ್ಚು ಗಂಡಸರಿಗೆ ಶಸ್ತ್ರಚಿಕಿತ್ಸೆಯಾಯಿತು. ತುರ್ತುಪರಿಸ್ಥಿತಿಯ 1976–77ರಲ್ಲಿ ದೇಶದ ಲೆಕ್ಕ 80 ಲಕ್ಷ ದಾಟಿತು. ಒತ್ತಾಯ, ಬೆದರಿಕೆ ಎಲ್ಲವೂ ಅದರೊಳಗಿದ್ದವು. ಗಂಡಸರು ಹಿಂದೆ ಸರಿದರು, ಇಡೀ ಭಾರ ಹೆಂಗಸರ ಮೇಲೆ ಬಿತ್ತು.

ಕುಟುಂಬ ಯೋಜನೆಯ ಸೇವೆಯ ಗುಣಮಟ್ಟವನ್ನು ಅಳೆಯುವ ಚೌಕಟ್ಟನ್ನು ಸಂಶೋಧಕಿ ಜುಡಿತ್ ಬ್ರೂಸ್ 1990ರಲ್ಲಿ ಕೊಟ್ಟರು. ಆಯ್ಕೆಗಳಿವೆಯೇ, ಸಾಧಕ ಬಾಧಕ ತಿಳಿಸಿದರೇ, ಕೈ ಪಳಗಿದೆಯೇ, ಮರ್ಯಾದೆಯಿಂದ ಮಾತಾಡಿಸಿದರೇ, ಆಮೇಲೂ ವಿಚಾರಿಸಿದರೇ, ಸೇವೆ ಹೆಂಗಸಿನ ಅನುಕೂಲಕ್ಕೆ ಒದಗಿತೇ ಎಂಬ ಆರು ಅಂಶಗಳು ಅದರಲ್ಲಿದ್ದವು. 1994ರ ಕೈರೋ ಜನಸಂಖ್ಯಾ ಸಮ್ಮೇಳನದ ಬಳಿಕ, 1996ರ ಏಪ್ರಿಲ್‌ನಲ್ಲಿ ಭಾರತ ಗುರಿಗಳನ್ನು ಕೈಬಿಟ್ಟಿತು. ಕಾಗದದ ಮೇಲೆ ಬಿಟ್ಟಿತು ಎನ್ನಬೇಕು. ಬಿಹಾರದ ಅರರಿಯಾದಲ್ಲಿ 2012ರ ಜನವರಿಯಲ್ಲಿ ಶಾಲೆಯೊಂದರೊಳಗೆ ಸುಮಾರು ಎರಡು ಗಂಟೆಯಲ್ಲಿ 53 ಹೆಂಗಸರಿಗೆ ಆಪರೇಷನ್ ಮಾಡಿದ್ದರು. 2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸ್‌ಪುರದ ಶಿಬಿರಗಳಿಗೆ ಹೋದ ಹತ್ತಕ್ಕೂ ಹೆಚ್ಚು ತಾಯಂದಿರು ಸತ್ತರು. ಅರರಿಯಾದ ಶಿಬಿರದ ಬಗ್ಗೆ ದೇವಿಕಾ ಬಿಸ್ವಾಸ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ, ಮೂರು ವರ್ಷದೊಳಗೆ ಇಂಥ ಶಿಬಿರಗಳನ್ನು ನಿಲ್ಲಿಸಲು ಹೇಳಿತು. ಆ ತಾಯಂದಿರ ಸಾವಿಗೂ ಮೊದಲೇ ಈ ಮಾತು ಬರಬೇಕಿತ್ತು.

ಆಯ್ಕೆಗಳು ಈಗ ಹೆಚ್ಚಿವೆ. 2017ರಿಂದ ‘ಅಂತರಾ’ ಗರ್ಭನಿರೋಧಕ ಚುಚ್ಚುಮದ್ದು, ‘ಛಾಯಾ’ ಮಾತ್ರೆ ಸರ್ಕಾರಿ ಕೇಂದ್ರಗಳಿಗೆ ಬಂದಿವೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಪರೇಷನ್ ಆಗಿದೆ. ಗಂಡಸರ ಪಾಲು ಶೂನ್ಯದ ಹತ್ತಿರ. ಅಂತರಾ ಮೂರು ತಿಂಗಳಿಗೊಮ್ಮೆ ಬೇಕು, ಅದರಿಂದ ಮುಟ್ಟು ಏರುಪೇರಾಗುತ್ತದೆ. ಚುಚ್ಚುವ ಮೊದಲೇ ನರ್ಸಮ್ಮ ಇದನ್ನು ಬಿಡಿಸಿ ಹೇಳದಿದ್ದರೆ, ಮುಂದಿನ ಸಲಕ್ಕೆ ಕೇಂದ್ರದಲ್ಲಿ ಮದ್ದು ಸಿಗದಿದ್ದರೆ, ಲೂಪಿಗೆ ಆದ ಗತಿಯೇ ಇದಕ್ಕೂ ಆಗುತ್ತದೆ.