ಆಲ್ಝೈಮರ್‌ಗೆ ಹೈಬ್ರಿಡ್ ಔಷಧ: ಒಂದೇ ಅಣು, ಎರಡು ಕೆಲಸ

ನಮ್ಮಜ್ಜಿ ದಿನಾ ರಾತ್ರಿ ಡೊನೆಪೆಝಿಲ್ ಮಾತ್ರೆ ನುಂಗುತ್ತಾರೆ. ಆದರೂ ನನ್ನ ಹೆಸರು ಒಂದು ದಿನ ನೆನಪಿದ್ದರೆ ಇನ್ನೊಂದು ದಿನ ಇಲ್ಲ. ಆ ಮಾತ್ರೆ ಮಾಡೋದು ಇಷ್ಟೇ: ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕವನ್ನು ಒಡೆಯುವ ಕಿಣ್ವಕ್ಕೆ ತಡೆ ಹಾಕುವುದು. ಕಾಯಿಲೆ ಒಳಗೊಳಗೇ ಮುಂದುವರಿಯುತ್ತದೆ.

ಯಾಕೆಂದರೆ ಇಲ್ಲಿ ಕೆಡುವುದು ಒಂದಲ್ಲ. ನರಕೋಶಗಳ ಹೊರಗೆ ಅಮಿಲಾಯ್ಡ್ ಬೀಟಾ ಗಂಟು ಕಟ್ಟುತ್ತದೆ, ಒಳಗೆ ಟೌ ಪ್ರೊಟೀನ್ ಸಿಕ್ಕುಗಟ್ಟುತ್ತದೆ, ತಾಮ್ರ-ಸತುವಿನ ಸಮತೋಲ ತಪ್ಪುತ್ತದೆ, ಜೊತೆಗೆ ಉರಿಯೂತ. ಹಾಗಾದ್ರೆ ಎರಡು ಮಾತ್ರೆ ಕೊಟ್ಟರಾಯ್ತಲ್ಲ ಅಂತೀರಾ? ಅದೂ ಇದೆ. ಡೊನೆಪೆಝಿಲ್, ಮೆಮಂಟಿನ್ ಎರಡೂ ಇರುವ ಕ್ಯಾಪ್ಸೂಲ್‌ಗೆ ಅಮೆರಿಕ 2014ರಲ್ಲೇ ಅನುಮತಿ ಕೊಟ್ಟಿದೆ. ಹೈಬ್ರಿಡ್ ಅಂದರೆ ಅದಲ್ಲ. ಎರಡು ಔಷಧಗಳಲ್ಲಿ ಕೆಲಸ ಮಾಡುವ ಭಾಗಗಳನ್ನು ರಾಸಾಯನಿಕವಾಗಿ ಬೆಸೆದು ಒಂದೇ ಅಣು ಮಾಡುತ್ತಾರೆ. ಎರಡೂ ಒಟ್ಟಿಗೆ ಒಂದೇ ಜಾಗಕ್ಕೆ ತಲುಪಲಿ ಅಂತ. ತೊಡಕಿರುವುದೂ ಇಲ್ಲೇ. ಬೆಸೆದಷ್ಟೂ ಅಣು ದೊಡ್ಡದಾಗುತ್ತದೆ. ದೊಡ್ಡ ಅಣುವನ್ನು ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ ಸುಲಭಕ್ಕೆ ಒಳಗೆ ಬಿಡುವುದಿಲ್ಲ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಟಿ. ಗೋವಿಂದರಾಜು ಅವರ ತಂಡ 2018ರಲ್ಲಿ ಇಂಥ ಅಣುಗಳನ್ನು ಪ್ರಕಟಿಸಿತು. ಒಂದು ಭಾಗ ಕ್ಲಿಯೋಕ್ವಿನಾಲ್‌ನದು, ಅದು ಲೋಹವನ್ನು ಹಿಡಿದುಕೊಳ್ಳುತ್ತದೆ. (ಹಳೇ ಹೊಟ್ಟೆನೋವಿನ ಔಷಧ ಇದು, ನರಗಳಿಗೆ ಹಾನಿ ಮಾಡಿದ್ದಕ್ಕೆ ಜಪಾನ್ 1970ರಲ್ಲಿ ಮಾರಾಟ ನಿಲ್ಲಿಸಿತು.) ಇನ್ನೊಂದು ಗ್ರೀನ್ ಟೀಯ ಪಾಲಿಫಿನಾಲ್‌ನದು, ಅದು ಅಮಿಲಾಯ್ಡ್ ಗಂಟಾಗದಂತೆ ನೋಡಿಕೊಳ್ಳುತ್ತದೆ. ಕೋಶಗಳ ಮೇಲಿನ ಪರೀಕ್ಷೆಯಲ್ಲಿ ಮೈಟೊಕಾಂಡ್ರಿಯಾಗೆ ಆಗುವ ಹಾನಿಯೂ ತಪ್ಪಿತು.

ಇಂಥ ಸುದ್ದಿ ಬಂದಾಗಲೆಲ್ಲ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ "ಔಷಧಿ ಸಿಕ್ತಂತೆ" ಅಂತ ಮೆಸೇಜ್ ಬರುತ್ತದೆ. ನನಗೆ ಆಗ ಇಸ್ರೇಲಿನ ಲ್ಯಾಡೋಸ್ಟಿಜಿಲ್ ನೆನಪಾಗುತ್ತದೆ. ರಿವಾಸ್ಟಿಗ್ಮಿನ್, ರಸಾಜಿಲಿನ್ ಎರಡರ ಗುಣ ಬೆಸೆದ ಅಣು ಅದು. ಪ್ರಯೋಗಾಲಯ ದಾಟಿ ಮನುಷ್ಯರ ತನಕ ಬಂತು. ನೆನಪಿನ ಶಕ್ತಿ ಸ್ವಲ್ಪ ಕುಂದಿದವರಿಗೆ 3 ವರ್ಷ ಕೊಟ್ಟು ನೋಡಿದರು. ಸುರಕ್ಷಿತ ಅಂತ ಗೊತ್ತಾಯ್ತು, ಆದರೆ ಕಾಯಿಲೆ ಆಲ್ಝೈಮರ್‌ಗೆ ತಿರುಗುವುದನ್ನು ಖಚಿತವಾಗಿ ತಡೆಯಲಿಲ್ಲ.

ಹಾಗಂತ ಈ ದಾರಿ ಬಿಡಬೇಕಾ? ಬೇಡ ಅನ್ನೋದು ನನ್ನ ವಾದ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮ್ಯಾಬ್‌ಗೆ ಕಂಪನಿ ಅಲ್ಲಿ ಇಟ್ಟ ಬೆಲೆ ವರ್ಷಕ್ಕೆ 26,500 ಡಾಲರ್. ಭಾರತದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ ಅನ್ನೋದು 2023ರ ಅಧ್ಯಯನದ ಅಂದಾಜು. ಜಕ್ಕೂರಿನ ಅಣು ಹುಟ್ಟಿದ್ದು ಸಾರ್ವಜನಿಕ ದುಡ್ಡಿನ ಪ್ರಯೋಗಾಲಯದಲ್ಲಿ. ಅಂಥ ಅಣುವನ್ನು ಕೋಶದಿಂದ ಇಲಿಗೆ, ಇಲಿಯಿಂದ ಮನುಷ್ಯರಿಗೆ ತರುವ ಖರ್ಚು ಯಾರದ್ದು ಅಂತ ಬಜೆಟ್ ದಿನ ಕೇಳೋಣ.